ಉಪ್ಪು ಬಿಟ್ಟುಕೊಟ್ಟ ಮಂಜುಗಡ್ಡೆ

ಹೋದ ಭಾನುವಾರ ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಕದಡಿ ಫ್ರೀಜರ್‌ನಲ್ಲಿಟ್ಟೆ. ಸಮುದ್ರದ ನೀರಲ್ಲೂ ಹೆಚ್ಚುಕಡಿಮೆ ಅಷ್ಟೇ ಉಪ್ಪಿರುತ್ತದೆ. ಪಕ್ಕದಲ್ಲಿ ಸಾದಾ ನೀರಿನ ಇನ್ನೊಂದು ಡಬ್ಬಿ. ಸಾದಾ ನೀರು ಮೊದಲು ಗಟ್ಟಿಯಾಯಿತು. ಸಮುದ್ರದ ನೀರು ಹೆಪ್ಪುಗಟ್ಟೋಕೆ ಸೊನ್ನೆ ಡಿಗ್ರಿ ಸಾಲದು, ಮೈನಸ್ 1.8ರವರೆಗೆ ತಣ್ಣಗಾಗಬೇಕು.

ಅರ್ಧ ಗಟ್ಟಿಯಾದಾಗ ಹೊರಗೆ ತೆಗೆದೆ. ಗಾಜಿನ ಹಾಗೆ ಇರಲಿಲ್ಲ. ಬೆಳ್ಳಗೆ, ಮಬ್ಬಾಗಿ, ಚಮಚ ಒತ್ತಿದರೆ ಒಳಗಿಳಿಯುವಷ್ಟು ಮೆತ್ತಗಿತ್ತು. ಕೆಳಗೆ ಉಳಿದಿದ್ದ ನೀರನ್ನು ನಾಲಿಗೆಗೆ ಮುಟ್ಟಿಸಿದೆ. ನಾನು ಕದಡಿದ್ದಕ್ಕಿಂತ ಜಾಸ್ತಿ ಉಪ್ಪು! ನೀರು ಗಡ್ಡೆ ಕಟ್ಟುವಾಗ ಉಪ್ಪನ್ನು ಆಚೆಗೆ ತಳ್ಳುತ್ತದೆ. ಒಂದಿಷ್ಟು ಮಾತ್ರ ಗಡ್ಡೆಯೊಳಗಿನ ಸಣ್ಣ ಸಣ್ಣ ಸಂದುಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಆರ್ಕ್ಟಿಕ್ ಸಾಗರದಲ್ಲಿ ಪ್ರತಿ ಚಳಿಗಾಲ ನಡೆಯುವುದೂ ಇದೇ. ಆ ವರ್ಷ ಹುಟ್ಟಿದ ಗಡ್ಡೆ ಉಪ್ಪುಪ್ಪಾಗಿರುತ್ತದೆ. ಅದು ಬೇಸಿಗೆ ದಾಟಿ ಉಳಿದರೆ, ಮೇಲೆ ಕರಗಿದ ಹಿಮದ ನೀರು ಸಂದುಗಳಲ್ಲಿ ಇಳಿದು ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ. ಕೆಲವು ಬೇಸಿಗೆ ಕಂಡ ಗಡ್ಡೆಯನ್ನು ಕರಗಿಸಿ ಕುಡಿಯಬಹುದು. ಅಲ್ಲಿನ ಇನ್ಯೂಟ್ ಜನ ಕುಡಿದಿದ್ದಾರೆ, ಧ್ರುವಯಾತ್ರಿಗಳೂ ಕುಡಿದಿದ್ದಾರೆ. ಸಮುದ್ರದ ಮೇಲೆ ತೇಲುವ ಸಿಹಿನೀರು ಅದು. ಹೀಗೆ ವರ್ಷ ವರ್ಷ ಉಳಿದ ಗಡ್ಡೆ ಮೂರು ನಾಲ್ಕು ಮೀಟರ್ ದಪ್ಪ ಆಗುತ್ತದೆ. ಒಂದೇ ಚಳಿಗಾಲದ್ದು ಸಾಮಾನ್ಯವಾಗಿ ಎರಡು ಮೀಟರ್ ದಾಟುವುದಿಲ್ಲ.

ನನಗೆ ಸಂಕಟ ಆಗುವುದು ಈ ಹಳೇ ಗಡ್ಡೆಯ ವಿಷಯಕ್ಕೇ. 1980ರ ದಶಕದ ಮಧ್ಯದಲ್ಲಿ, ಚಳಿಗಾಲ ಮುಗಿಯುವ ಹೊತ್ತಿಗೆ ಆರ್ಕ್ಟಿಕ್ ಸಾಗರದ ಮಂಜುಗಡ್ಡೆಯಲ್ಲಿ ಸುಮಾರು ಶೇ 30ರಷ್ಟು ನಾಲ್ಕು ವರ್ಷ ದಾಟಿದ್ದೇ ಇರುತ್ತಿತ್ತು. ಈಗ ಅದು ಶೇ 5 ಕೂಡ ಇಲ್ಲ.

ಮಾರ್ಚ್ ತಿಂಗಳ ಉಪಗ್ರಹ ಚಿತ್ರ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಈಗಲೂ 1 ಕೋಟಿ 40 ಲಕ್ಷ ಚದರ ಕಿ.ಮೀ.ಗಿಂತ ಜಾಸ್ತಿ ಜಾಗ ಬೆಳ್ಳಗೆ ಕಾಣುತ್ತದೆ. ಎಲ್ಲ ಸರಿಯಿದೆ ಅನ್ನಿಸುತ್ತದೆ, ಅಲ್ವಾ? ಆದರೆ ಅದರಲ್ಲಿ ಬಹುಪಾಲು ಆ ವರ್ಷದ ತೆಳು ಗಡ್ಡೆ. ಸೆಪ್ಟೆಂಬರ್‌ನಲ್ಲಿ ಅಲ್ಲಿನ ಬೇಸಿಗೆ ಮುಗಿದಾಗ ನಿಜ ಹೊರಬೀಳುತ್ತದೆ. 1980ರ ಆಸುಪಾಸಿನಲ್ಲಿ ಸೆಪ್ಟೆಂಬರ್‌ಗೆ ಸುಮಾರು 70 ಲಕ್ಷ ಚದರ ಕಿ.ಮೀ. ಉಳಿಯುತ್ತಿತ್ತು. 2012ರಲ್ಲಿ ಉಳಿದದ್ದು 34 ಲಕ್ಷದಷ್ಟು. ಅಂಟಾರ್ಕ್ಟಿಕಾದ ಕಡಲ ಮಂಜುಗಡ್ಡೆ ಮೊದಲಿನಿಂದಲೂ ಬೇಸಿಗೆಯಲ್ಲಿ ಬಹುತೇಕ ಕರಗುವಂಥದ್ದು. ಅಲ್ಲೂ 2023ರ ಫೆಬ್ರವರಿಯಲ್ಲಿ, ಅಂದರೆ ಅಲ್ಲಿನ ಬೇಸಿಗೆ ಮುಗಿಯುವಾಗ, 18 ಲಕ್ಷಕ್ಕಿಂತ ಕೆಳಗಿಳಿಯಿತು. ಉಪಗ್ರಹ ಲೆಕ್ಕ ಶುರುವಾದ ಮೇಲೆ ಅಷ್ಟು ಕಡಿಮೆ ಯಾವತ್ತೂ ಆಗಿರಲಿಲ್ಲ.

ಈ ಮಾತು ತೆಗೆದಾಗಲೆಲ್ಲ ಸ್ನೇಹಿತರು ಕೇಳುವುದು ಒಂದೇ: ಸಮುದ್ರ ಎಷ್ಟು ಮೇಲೆ ಬರುತ್ತೆ? ಇದರಿಂದ ಬರುವುದಿಲ್ಲ ಅಂತಲೇ ಹೇಳಬಹುದು. ಲೋಟದಲ್ಲಿ ತೇಲುವ ಐಸ್ ಕರಗಿದರೆ ನೀರು ತುಳುಕುವುದಿಲ್ಲ. ಮಟ್ಟ ಏರಿಸುವುದು ನೆಲದ ಮೇಲಿನ ಹಿಮ. ಕಡಲ ಮಂಜುಗಡ್ಡೆಯ ಕೆಲಸ ಬೇರೆ. ಹಿಮ ಹೊದ್ದ ಗಡ್ಡೆ ತನ್ನ ಮೇಲೆ ಬಿದ್ದ ಬಿಸಿಲಲ್ಲಿ ಶೇ 80ಕ್ಕೂ ಹೆಚ್ಚನ್ನು ವಾಪಸ್ ಕಳಿಸುತ್ತದೆ. ಬರಿಯ ಕಡಲು ಶೇ 90ಕ್ಕೂ ಹೆಚ್ಚನ್ನು ನುಂಗುತ್ತದೆ. ನುಂಗಿದ ಶಾಖ ಪಕ್ಕದ ಗಡ್ಡೆಯನ್ನೂ ಕರಗಿಸುತ್ತದೆ. ತೆಳು ಗಡ್ಡೆ ಅದಕ್ಕೆ ಎಷ್ಟು ದಿನ ತಡೆದೀತು?

ಉಳಿದ ಗಡ್ಡೆಯನ್ನು ಜರಡಿಯಲ್ಲಿಟ್ಟು, ಕೆಳಗೆ ಬಟ್ಟಲಿಟ್ಟು ಕಾದೆ. ಮೊದಲ ಹನಿಗಳು ಗಂಟಲು ಕೆರೆಯುವಷ್ಟು ಉಪ್ಪು. ಆಮೇಲಿನವು ಕಡಿಮೆ. ಅರ್ಧಕ್ಕಿಂತ ಜಾಸ್ತಿ ಸೋರಿ ಹೋಗಿತ್ತು. ಕೊನೆಗೆ ಹೆಬ್ಬೆರಳಿನಷ್ಟು ಉಳಿದಾಗ ಬಾಯಿಗೆ ಹಾಕಿಕೊಂಡೆ. ಉಪ್ಪು ಹುಡುಕಿದರೆ ಮಾತ್ರ ಸಿಗುವಷ್ಟಿತ್ತು.