ಎಣ್ಣೆ ದೇಶದಲ್ಲಿ ಕೆಲಸಕ್ಕೆ ಯಾಕೆ ಹೋಗಬೇಕು?

ಊರಿಗೆ ಬಂದಾಗಲೆಲ್ಲ ಮದುವೆ ಊಟದಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ: "ನಾರ್ವೆಯಲ್ಲಿ ಎಣ್ಣೆ ದುಡ್ಡು ಸುರೀತಾ ಇದೆಯಂತೆ. ಸರ್ಕಾರ ಎಲ್ಲಾ ಪುಕ್ಕಟೆ ಕೊಡುತ್ತಂತೆ. ಮತ್ತೆ ನೀನು ಕೆಲಸಕ್ಕೆ ಯಾಕಪ್ಪಾ ಹೋಗ್ತೀಯ?"

ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಸೋಕೆ ಆಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಣ್ಣೆ ಸಿಕ್ಕಿದ್ದು ನಿಜ. 1969ರ ಕೊನೆಯಲ್ಲಿ, ಉತ್ತರ ಸಮುದ್ರದ ಎಕೋಫಿಸ್ಕ್ ಅನ್ನೋ ಜಾಗದಲ್ಲಿ. ನಾನಿರುವ ಸ್ಟಾವಂಗರ್ ಅದಕ್ಕೂ ಮೊದಲು ಮೀನನ್ನು ಡಬ್ಬಿಗೆ ತುಂಬುತ್ತಿದ್ದ ಊರು. ಈಗ ಎಣ್ಣೆ ಕಂಪನಿಗಳ ಊರು. ಈ ಕಂಪನಿಗಳ ಲಾಭದಲ್ಲಿ ನೂರಕ್ಕೆ 78 ತೆರಿಗೆಗೆ ಹೋಗುತ್ತದೆ. ಅದರ ಮೇಲೆ ಎಷ್ಟೋ ಬಾವಿಗಳಲ್ಲಿ ಸರ್ಕಾರಕ್ಕೇ ನೇರ ಪಾಲು.

ಆದರೆ ಆ ದುಡ್ಡು ಬಂದ ಹಾಗೇ ಖರ್ಚಾಗುವುದಿಲ್ಲ. 1990ರಲ್ಲಿ ಕಾನೂನು ಮಾಡಿ ಒಂದು ನಿಧಿ ಇಟ್ಟರು. ಮೊದಲ ಕಂತು ಬಿದ್ದಿದ್ದು 1996ರಲ್ಲಿ. ಆ ನಿಧಿಯ ದುಡ್ಡೆಲ್ಲ ಹೊರದೇಶಗಳ ಷೇರು, ಬಾಂಡ್, ಕಟ್ಟಡಗಳಲ್ಲಿದೆ. ಜಗತ್ತಿನ ಷೇರುಪೇಟೆಗಳಲ್ಲಿ ಸುಮಾರು ನೂರಕ್ಕೆ ಒಂದೂವರೆ ಪಾಲು ಈ 55 ಲಕ್ಷ ಜನರದ್ದು! ನಮ್ಮ ಬೆಂಗಳೂರಿನ ಐಟಿ ಷೇರುಗಳೂ ಅದರಲ್ಲಿವೆ.

ಹೊರಗೇ ಯಾಕೆ? ಅಷ್ಟು ದುಡ್ಡು ಒಳಗೆ ಸುರಿದರೆ ಬೆಲೆ, ಕೂಲಿ ಎಲ್ಲಾ ಏರುತ್ತದೆ. ಇಲ್ಲಿಯ ದುಡ್ಡು ಕ್ರೋನ್ ತುಟ್ಟಿಯಾಗುತ್ತದೆ, ಹೊರದೇಶದವರಿಗೆ ಇಲ್ಲಿಯ ಸಾಮಾನು ದುಬಾರಿಯಾಗುತ್ತದೆ. ಆಮೇಲೆ ಇಲ್ಲಿಯ ಸಾಲ್ಮನ್ ಮೀನು, ಅಲ್ಯೂಮಿನಿಯಂ ಕೊಳ್ಳೋರು ಯಾರು? ಗ್ಯಾಸ್ ಸಿಕ್ಕ ಮೇಲೆ ಹಾಲೆಂಡಿನ ಕಾರ್ಖಾನೆಗಳು ತಿಂದ ಪೆಟ್ಟು ಇವರ ಕಣ್ಣೆದುರೇ ಇತ್ತು.

ನಿಧಿಯಿಂದ ವರ್ಷಕ್ಕೆ ಸರಾಸರಿ ನೂರಕ್ಕೆ 3ರಷ್ಟು ಮಾತ್ರ ಬಳಸಬೇಕೆಂಬ ನಿಯಮವಿದೆ. 2001ರಲ್ಲಿ ಅದು 4 ಇತ್ತು, 2017ರಲ್ಲಿ ಇಳಿಸಿದರು. ಅಡಿಕೆ ಫಸಲು ಮಾರಿ ತಿನ್ನು, ತೋಟ ಮಾರಬೇಡ ಅಂತ ನಮ್ಮಜ್ಜ ಹೇಳುತ್ತಿದ್ದುದೂ ಇದೇ ಲೆಕ್ಕ. ಆ 3ರಿಂದ ಬಜೆಟ್ಟಿನ ಐದನೇ ಒಂದೋ ನಾಲ್ಕನೇ ಒಂದೋ ಪಾಲು ತುಂಬುತ್ತದೆ, ಅಷ್ಟೇ. ಉಳಿದದ್ದು ದುಡಿಯುವವರ ತೆರಿಗೆ. ದೇಶದ ಒಟ್ಟು ಸಂಪತ್ತು ಲೆಕ್ಕ ಹಾಕುವವರು ಅದರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜನರ ದುಡಿಮೆಯೇ ಅನ್ನುತ್ತಾರೆ. ಅಪ್ಪಂದಿರಿಗೆ 15 ವಾರ ಹೆರಿಗೆ ರಜೆ, ಕಡಿಮೆ ಶುಲ್ಕದ ಶಿಶುವಿಹಾರ, ಇದೆಲ್ಲ ಸುಮ್ನೆ ಧಾರಾಳತನ ಅಲ್ಲ. ಹೆಂಗಸರು ಕೆಲಸ ಬಿಡಬಾರದು, ತೆರಿಗೆ ಬರುತ್ತಿರಬೇಕು.

ನೋಡೋಕೆ ಶ್ರೀಮಂತಿಕೆ ಕಾಣುವುದೇ ಇಲ್ಲ. ಆಫೀಸಿನಲ್ಲಿ ನನ್ನ ಬಾಸ್‌ನ ಮಧ್ಯಾಹ್ನದ ಊಟ ನಾಲ್ಕು ತುಂಡು ಬ್ರೆಡ್ಡು, ಮೇಲೆ ಕಂದು ಚೀಸ್, ಒಂದಕ್ಕೊಂದು ಅಂಟದಂತೆ ನಡುವೆ ಕಾಗದ. ಮನೆಯಿಂದಲೇ ಕಟ್ಟಿ ತರುತ್ತಾರೆ. ಸಾಮಾನಿನ ಮೇಲಿನ ತೆರಿಗೆ ನೂರಕ್ಕೆ 25, ತಿನ್ನುವ ಪದಾರ್ಥಕ್ಕೆ 15. ಗಡಿ ಹತ್ತಿರದವರು ಮಾಂಸ, ಮಿಠಾಯಿ ತರೋಕೆ ಕಾರು ಹತ್ತಿ ಸ್ವೀಡನ್ನಿಗೆ ಹೋಗುತ್ತಾರೆ. ಆ ಕಾರೂ ಬಹುಶಃ ಕರೆಂಟಿನದು. 2024ರಲ್ಲಿ ಕೊಂಡ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತರ ಹತ್ತಿರ ಬ್ಯಾಟರಿಯವು. ಎಣ್ಣೆ ಬೇರೆಯವರು ಸುಡಲಿ ಅನ್ನೋ ಈ ಜಾಣತನ ನನಗೆ ಅಷ್ಟಾಗಿ ಹಿಡಿಸಿಲ್ಲ.

ಇನ್ನು ಪುಕ್ಕಟೆಯ ಮಾತು. ಡಾಕ್ಟರ ಹತ್ತಿರ ಹೋದರೆ ವರ್ಷದ ಮಿತಿ ಮುಟ್ಟುವವರೆಗೆ ನಾವೇ ಕೊಡಬೇಕು. ದೊಡ್ಡವರ ಹಲ್ಲಿನ ಖರ್ಚಂತೂ ಹೆಚ್ಚುಕಡಿಮೆ ಪೂರ್ತಿ ಅವರದ್ದೇ. ನನ್ನ ರೂಟ್ ಕೆನಾಲ್‌ಗೆ ಅಲ್ಲಿ ಎಷ್ಟಾಗುತ್ತೆ ಅಂತ ಕೇಳಿ, ಊರಿಗೆ ಬಂದೇ ಮಾಡಿಸಿಕೊಂಡೆ. ಮೊನ್ನೆ ಮದುವೆಯಲ್ಲಿ ಚಕ್ಕುಲಿ ಮುಟ್ಟದೆ ಕೂತಿದ್ದು ಅದಕ್ಕೇ.