ಮಕ್ಕಳೇ ನಡೆಸುವ ಅಂಗಡಿ: ಸಂಜೆ ಲೆಕ್ಕ ಯಾರ ಕೈಯಲ್ಲಿ?

ಪ್ರೌಢಶಾಲೆಯಲ್ಲಿ ಬಿಸಿನೆಸ್ ಮತ್ತು ಮಾರ್ಕೆಟಿಂಗ್ ಕಲಿಸುವ ಬಹಳ ಕಡೆ ಮಕ್ಕಳೇ ನಡೆಸುವ ಒಂದು ಪುಟ್ಟ ಅಂಗಡಿ ಇರುತ್ತದೆ. ಪೆನ್ನು, ನೋಟ್‌ಬುಕ್, ಶಾಲೆಯ ಹೆಸರು ಹೊತ್ತ ಟೀ ಶರ್ಟ್. ನೋಡಲು ಚೆಂದ, ಮಕ್ಕಳಿಗೂ ಹುಮ್ಮಸ್ಸು. ಆದರೆ ಒಂದು ಪ್ರಶ್ನೆ ಕೇಳಿ ನೋಡಿ: ಸಂಜೆ ಲೆಕ್ಕ ಮುಗಿಸುವವರು ಯಾರು? ‘ಮೇಷ್ಟ್ರು’ ಎಂಬ ಉತ್ತರ ಬಂದರೆ, ಅಲ್ಲಿ ಮಕ್ಕಳು ಕಲಿಯುತ್ತಿರುವುದು ಕೌಂಟರ್ ಹಿಂದೆ ನಿಲ್ಲುವುದನ್ನಷ್ಟೇ. ಬೆಲೆ ಕಟ್ಟುವುದು, ಗಲ್ಲಾ ತಾಳೆ ನೋಡುವುದು, ಸರಕು ಎಣಿಸುವುದು, ಮುಂದಿನ ಆರ್ಡರ್ ಎಷ್ಟೆಂದು ತೀರ್ಮಾನಿಸುವುದು, ಹೀಗೆ ಕೋರ್ಸಿನ ತಿರುಳೆಲ್ಲ ಮೇಷ್ಟ್ರ ಪುಸ್ತಕದಲ್ಲೇ ಉಳಿದುಬಿಟ್ಟಿರುತ್ತದೆ.

ಆ ಪುಸ್ತಕವನ್ನು ಮಕ್ಕಳ ಕೈಗೆ ಕೊಡುವುದು ಹೇಗೆ, ಕೊಟ್ಟಾಗ ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನು ಇಲ್ಲಿ ಬರೆದಿದೆ.

ಬೆಲೆಯಿಂದ ಶುರು ಮಾಡಿ. ಒಂದು ವಸ್ತುವಿನ ಅಸಲು 70, 30% ಮಾರ್ಜಿನ್ ಬೇಕು, ಬೆಲೆ ಎಷ್ಟು ಎಂದು ಕೇಳಿದರೆ ತರಗತಿಯ ಹೆಚ್ಚಿನವರು 91 ಎನ್ನುತ್ತಾರೆ. 70ರ ಮೇಲೆ 30% ಕೂಡಿಸಿದ್ದು ಅದು. ಹಾಗೆ ಕೂಡಿಸಿದ್ದು ಮಾರ್ಕಪ್. ಮಾರ್ಜಿನ್ ಲೆಕ್ಕ ಹಾಕುವುದು ಮಾರಾಟದ ಬೆಲೆಯ ಮೇಲೆ. 91ರಲ್ಲಿ ಉಳಿಯುವುದು 21, ಅಂದರೆ 23% ಚಿಲ್ಲರೆ. ನಿಜವಾಗಿ 30% ಉಳಿಯಬೇಕಾದರೆ ಅಸಲನ್ನು 0.7ರಿಂದ ಭಾಗಿಸಬೇಕು, ಬೆಲೆ 100 ಆಗುತ್ತದೆ. ಈ ಒಂದು ವ್ಯತ್ಯಾಸ ತಲೆಗೆ ಹೋಗದಿದ್ದರೆ ಮುಂದಿನ ಯಾವ ಅಧ್ಯಾಯವೂ ನೆಲೆ ನಿಲ್ಲದು. ಸೂತ್ರವನ್ನು ಬೋರ್ಡಿನ ಮೇಲೆ ಬರೆದು ಮುಗಿಸಬೇಡಿ. ಅಂಗಡಿಯ ಹತ್ತು ವಸ್ತುಗಳ ಖರೀದಿ ಬಿಲ್ ಕೊಟ್ಟು, ಪ್ರತಿಯೊಂದಕ್ಕೂ ಅಸಲು, ಸಾಗಣೆ ವೆಚ್ಚದ ಪಾಲು, ಬೆಲೆ, ಮಾರ್ಜಿನ್ ಎಂದು ನಾಲ್ಕು ಕಾಲಂ ಬರೆಸಿ. ಸಾಗಣೆಯ ಪಾಲನ್ನು ಅಸಲಿಗೆ ಸೇರಿಸಲು ಮರೆಯುವುದೇ ಎರಡನೆಯ ಸಾಮಾನ್ಯ ತಪ್ಪು.

ಅದರ ಬೆನ್ನಿಗೇ ರಿಯಾಯಿತಿಯ ಲೆಕ್ಕ ಬರಲಿ. 10% ರಿಯಾಯಿತಿ ಎಂದರೆ ಲಾಭದಲ್ಲೂ 10% ಕಡಿಮೆಯಾಗುತ್ತದೆ ಎಂದು ಮಕ್ಕಳು ತಿಳಿದಿರುತ್ತಾರೆ. ಅಸಲು 70, ಬೆಲೆ 100 ಇದ್ದದ್ದು 90ಕ್ಕೆ ಇಳಿದರೆ, ಒಂದಕ್ಕೆ 30 ಉಳಿಯುತ್ತಿದ್ದದ್ದು 20 ಆಯಿತು. ಮೊದಲು 100 ಮಾರಿ ಗಳಿಸಿದ 3,000 ಈಗ ಬರಬೇಕಾದರೆ 150 ಮಾರಬೇಕು. ಗೋಡೆಗೆ ರಿಯಾಯಿತಿಯ ಪೋಸ್ಟರ್ ಅಂಟಿಸುವ ಮೊದಲು ಈ ಮೂರು ಸಾಲನ್ನು ಬರೆದು ತೋರಿಸಲೇಬೇಕು ಎಂಬ ನಿಯಮ ಇಟ್ಟರೆ, ಅರ್ಧಕ್ಕರ್ಧ ಪೋಸ್ಟರ್‌ಗಳು ತಾವಾಗಿಯೇ ನಿಲ್ಲುತ್ತವೆ.

ಇನ್ನು ಗಲ್ಲಾಪೆಟ್ಟಿಗೆ. ಅಂಗಡಿ ಮುಚ್ಚಿದ ಮೇಲಿನ 15 ನಿಮಿಷ ಇಡೀ ಕೋರ್ಸಿನಲ್ಲೇ ಬೆಲೆಬಾಳುವ ಹೊತ್ತು. ಅದನ್ನು ವೇಳಾಪಟ್ಟಿಯಲ್ಲೇ ಕಾದಿಡಿ. ಗಂಟೆ ಬಾರಿಸಿದ ಮೇಲೆ ಓಡುತ್ತ ಮಾಡುವ ಕೆಲಸವಾದರೆ ಯಾರೂ ಏನೂ ಕಲಿಯುವುದಿಲ್ಲ.

ಮೂರು ಜನ ಬೇಕು. ದಿನವಿಡೀ ಹಣ ತೆಗೆದುಕೊಂಡವರು ಒಬ್ಬರು, ಎಣಿಸುವವರು ಇನ್ನೊಬ್ಬರು, ಬಿಲ್ ಕೂಡಿಸುವವರು ಮೂರನೆಯವರು. ಎಣಿಸುವವರಿಗೆ ಎಷ್ಟಿರಬೇಕು ಎಂಬುದು ಗೊತ್ತಿರಬಾರದು. ಗೊತ್ತಿದ್ದರೆ ಕೈ ಆ ಮೊತ್ತದ ಕಡೆಗೇ ಎಣಿಸುತ್ತದೆ. ನೋಟುಗಳನ್ನು ಮುಖಬೆಲೆಯ ಪ್ರಕಾರ ಬೇರೆ ಮಾಡಿ, ಒಂದೇ ದಿಕ್ಕಿಗೆ ತಿರುಗಿಸಿ, ಎರಡು ಸಲ ಎಣಿಸಿ, ಪ್ರತಿ ಮುಖಬೆಲೆಯ ಮುಂದೆ ಎಷ್ಟು ನೋಟು, ಒಟ್ಟು ಎಷ್ಟು ಎಂದು ಬರೆಯಬೇಕು. ಆಮೇಲೆ ಬಿಲ್ ಕಡೆಯ ಲೆಕ್ಕ: ಬೆಳಿಗ್ಗೆ ಚಿಲ್ಲರೆಗೆಂದು ಇಟ್ಟ ಹಣ 500, ನಗದು ಮಾರಾಟ 1,840, ಗಿರಾಕಿಗೆ ಹಿಂದಿರುಗಿಸಿದ್ದು 60, ಸಣ್ಣ ಖರ್ಚು 80. ಇರಬೇಕಾದದ್ದು 2,200. ಎಣಿಸಿದಾಗ ಸಿಕ್ಕಿದ್ದು 2,146. ಕೊರತೆ 54.

ಇಲ್ಲಿ ಮೇಷ್ಟ್ರು ತಮ್ಮ ಜೇಬಿನಿಂದ 54 ಹಾಕಿ ಪುಸ್ತಕ ಮುಚ್ಚಿಬಿಡುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಆ 54 ಒಂದು ಸುಳಿವು. ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರುವ ಸಂಭವ ಹೆಚ್ಚು. 54ನ್ನು 9ರಿಂದ ಭಾಗಿಸಿದರೆ 6. ಹಾಗಾಗಿ ನಡುವೆ 6ರ ಅಂತರ ಇರುವ ಅಂಕಿಜೋಡಿ ಹುಡುಕಬೇಕು: 17 ಎಂಬುದು 71 ಆಗಿದೆಯೇ, 28 ಎಂಬುದು 82 ಆಗಿದೆಯೇ? ಬಿಲ್ ಪುಸ್ತಕದಲ್ಲಿ 17, ಮಾರಾಟದ ಪಟ್ಟಿಯಲ್ಲಿ 71 ಎಂದು ಕಣ್ಣಿಗೆ ಬಿದ್ದ ಕ್ಷಣ ಮಗುವಿನ ಮುಖ ನೋಡಬೇಕು. ಲೆಕ್ಕ ಎಂದರೆ ಹುಡುಕಾಟ ಎಂಬುದು ಆಗ ಮನಸ್ಸಿಗೆ ಇಳಿಯುತ್ತದೆ. ಅಷ್ಟರಿಂದ ಸಿಗದಿದ್ದರೆ ವ್ಯತ್ಯಾಸವನ್ನು ಅರ್ಧ ಮಾಡಿ ನೋಡಿ. ಹಿಂದಿರುಗಿಸಿದ 60ನ್ನು ಕಳೆಯುವ ಬದಲು ಕೂಡಿಸಿದ್ದರೆ ವ್ಯತ್ಯಾಸ 120 ಬರುತ್ತದೆ, ಅದರ ಅರ್ಧ 60 ಪುಸ್ತಕದಲ್ಲೇ ಕಾಣುತ್ತದೆ. ವ್ಯತ್ಯಾಸ ಯಾವುದೋ ಒಂದು ಬಿಲ್ಲಿನ ಮೊತ್ತಕ್ಕೇ ಸರಿಯಾಗಿದ್ದರೆ ಆ ಬಿಲ್ ಬಿಟ್ಟುಹೋಗಿದೆ ಅಥವಾ ಎರಡು ಸಲ ಏರಿದೆ. ಇದಾವುದೂ ಅಲ್ಲವಾದರೆ ಚಿಲ್ಲರೆ ಕೊಡುವಾಗ ತಪ್ಪಿರಬಹುದು. ‘ಕೊರತೆ’ ಎಂದೇ ಬರೆದು ಮೂವರೂ ಸಹಿ ಹಾಕಲಿ. ಯಾರನ್ನೂ ದೂರುವುದು ಬೇಡ. ಆದರೆ ವಾರದ ಕೊನೆಯಲ್ಲಿ ಹೆಚ್ಚು-ಕೊರತೆಗಳ ಪಟ್ಟಿಯನ್ನು ಒಟ್ಟಿಗಿಟ್ಟು ನೋಡಿ. ಒಂದೇ ಪಾಳಿಯಲ್ಲಿ ಮತ್ತೆ ಮತ್ತೆ ಕೊರತೆ ಬರುತ್ತಿದ್ದರೆ ಕಾರಣ ಸಾಮಾನ್ಯವಾಗಿ ಗದ್ದಲ: ಬಿಡುವಿನ ಹೊತ್ತಿನಲ್ಲಿ ಒಬ್ಬರೇ ಹಣವನ್ನೂ ತೆಗೆದುಕೊಂಡು ಸರಕನ್ನೂ ಕೊಡುತ್ತಿರುತ್ತಾರೆ. ಇನ್ನೊಬ್ಬರನ್ನು ಕೌಂಟರಿಗೆ ಹಾಕಿದರೆ ಸರಿಹೋಗುತ್ತದೆ. ಗಿರಾಕಿ ಕೊಟ್ಟ ನೋಟನ್ನು ಚಿಲ್ಲರೆ ಕೊಟ್ಟು ಮುಗಿಯುವ ತನಕ ಪೆಟ್ಟಿಗೆಯೊಳಗೆ ಹಾಕದೆ ಮೇಲೆಯೇ ಇಡುವ ಅಭ್ಯಾಸವನ್ನು ಮೊದಲ ದಿನವೇ ಹಚ್ಚಿ. ‘ನಾನು ದೊಡ್ಡ ನೋಟು ಕೊಟ್ಟಿದ್ದೆ’ ಎಂಬ ಜಗಳಕ್ಕೆ ಅಲ್ಲೇ ತೆರೆ ಬೀಳುತ್ತದೆ.

ಉದ್ರಿ ಬೇಡವೇ ಬೇಡ. ಗೆಳೆಯರಿಗೆ ‘ನಾಳೆ ಕೊಡು’ ಎನ್ನದೆ ಇರುವುದು ಈ ವಯಸ್ಸಿನವರಿಗೆ ಕಷ್ಟ, ಹಾಗಾಗಿ ‘ಇಲ್ಲ’ ಎನ್ನುವ ಭಾರವನ್ನು ನಿಯಮವೇ ಹೊರಲಿ.

ಸರಕಿನ ಎಣಿಕೆ ವಾರಕ್ಕೊಮ್ಮೆ ಸಾಕು, ಆದರೆ ತಪ್ಪಬಾರದು. ಆರಂಭದ ದಾಸ್ತಾನು 48 ಪೆನ್ನು, ಬಂದದ್ದು 60, ಮಾರಿದ್ದು 71, ಇರಬೇಕಾದದ್ದು 37. ಎಣಿಸಿದರೆ 34. ಮೂರು ಪೆನ್ನು ತಾನೇ ಎಂದು ಮಕ್ಕಳು ಕೈಬಿಡುತ್ತಾರೆ. ಒಂದು ಪೆನ್ನಿನ ಅಸಲು 7, ಬೆಲೆ 10 ಎಂದಿಟ್ಟುಕೊಳ್ಳಿ. ಹೋದದ್ದು 21, ಅದನ್ನು ತುಂಬಿಕೊಳ್ಳಲು ಇನ್ನೂ ಏಳು ಪೆನ್ನು ಮಾರಬೇಕು. ಕಳ್ಳತನವೇ ಎಂದು ತಕ್ಷಣ ತೀರ್ಮಾನಿಸಬೇಡಿ. ಬಂದ ಸರಕನ್ನು ಇಳಿಸಿಕೊಳ್ಳುವಾಗ ಎಣಿಸದೆ ಸಹಿ ಹಾಕಿದ್ದು, ಹಾಳಾದದ್ದನ್ನು ಬರೆಯದೆ ಬಿಸಾಡಿದ್ದು, ನೀಲಿ ಪೆನ್ನು ಕೊಟ್ಟು ಕಪ್ಪು ಪೆನ್ನಿನ ಬಿಲ್ ಮಾಡಿದ್ದು, ಹೀಗೆ ಕಾರಣ ಹಲವು. ಕೊನೆಯದ್ದಾಗಿದ್ದರೆ ನೀಲಿಯಲ್ಲಿ ಎಷ್ಟು ಕೊರತೆಯೋ ಕಪ್ಪಿನಲ್ಲಿ ಅಷ್ಟೇ ಹೆಚ್ಚು ಕಾಣುತ್ತದೆ. ಅದಕ್ಕೇ ಎಲ್ಲ ಬಣ್ಣಗಳನ್ನೂ ಒಂದೇ ದಿನ ಎಣಿಸಬೇಕು.

ಮರು ಆರ್ಡರ್ ಯಾವಾಗ? ದಿನದ ಮಾರಾಟವನ್ನು ಸರಕು ಬರಲು ಹಿಡಿಯುವ ದಿನಗಳಿಂದ ಗುಣಿಸಿ, ಮೇಲೆ ಸ್ವಲ್ಪ ಆಪತ್ತಿನ ದಾಸ್ತಾನು ಸೇರಿಸಿ. ದಿನಕ್ಕೆ 6, ಬರಲು 5 ದಿನ, ಆಪತ್ತಿಗೆ 10 ಎಂದರೆ ದಾಸ್ತಾನು 40ಕ್ಕೆ ಇಳಿದ ದಿನವೇ ಆರ್ಡರ್ ಹೊರಡಬೇಕು. ಪಠ್ಯಪುಸ್ತಕದಲ್ಲಿ ಇಷ್ಟೇ ಇರುತ್ತದೆ. ಶಾಲೆಯಲ್ಲಿ ಕೈಕೊಡುವುದು ಬೇರೆ ಕಡೆ: ಆ 5 ದಿನದಲ್ಲಿ ಮುಖ್ಯೋಪಾಧ್ಯಾಯರ ಸಹಿಗೆ ಕಾಯುವ ದಿನಗಳನ್ನು ಯಾರೂ ಎಣಿಸಿರುವುದಿಲ್ಲ. ಅದನ್ನೂ ಸೇರಿಸಿ. ದಿನದ ಸರಾಸರಿ ತೆಗೆಯುವಾಗ ರಜಾ ದಿನಗಳನ್ನು ಬಿಡಿ, ಪರೀಕ್ಷೆಯ ವಾರವನ್ನು ಬೇರೆಯಾಗಿ ಲೆಕ್ಕ ಹಾಕಿ.

ಶಾಲೆಯ ಅಂಗಡಿಗಳಿಗೆ ನಷ್ಟ ತರುವುದರಲ್ಲಿ ಟೀ ಶರ್ಟ್‌ಗೇ ಮೊದಲ ಸ್ಥಾನ ಎಂಬುದು ನಮ್ಮ ಅಭಿಪ್ರಾಯ. ಲೆಕ್ಕ ಹೀಗಿರುತ್ತದೆ. ವಿನ್ಯಾಸ ಮತ್ತು ಅಚ್ಚಿನ ಸ್ಥಿರ ವೆಚ್ಚ (ಎಷ್ಟು ತರಿಸಿದರೂ ಬದಲಾಗದ್ದು) 2,400, ಒಂದು ಟೀ ಶರ್ಟಿನ ಅಸಲು 170, ಬೆಲೆ 250, ಒಂದಕ್ಕೆ ಉಳಿಯುವುದು 80. 2,400ನ್ನು 80ರಿಂದ ಭಾಗಿಸಿ, 30 ಮಾರಿದರೆ ಹಾಕಿದ್ದು ಹುಟ್ಟುತ್ತದೆ ಎಂದು ಮಕ್ಕಳು ಬರೆಯುತ್ತಾರೆ. ಆಮೇಲೆ ಧೈರ್ಯವಾಗಿ 50 ತರಿಸುತ್ತಾರೆ. 30 ಮಾರಾಟವಾಗಿ ನಿಲ್ಲುತ್ತದೆ. ಖರ್ಚಾದದ್ದು 10,900, ಬಂದದ್ದು 7,500, ನಷ್ಟ 3,400. ಸೂತ್ರ ಸುಳ್ಳು ಹೇಳಲಿಲ್ಲ. ಎಷ್ಟು ಮಾರುತ್ತೇವೋ ಅಷ್ಟೇ ತರಿಸುತ್ತೇವೆ ಎಂಬುದು ಆ ಸೂತ್ರದೊಳಗೇ ಇರುವ ಷರತ್ತು. 50 ತರಿಸಿದ ಮೇಲೆ ಹಾಕಿದ್ದು ಹುಟ್ಟಲು 44 ಮಾರಬೇಕು. ಅದರ ಮೇಲೆ ಅಳತೆಯ ತೊಂದರೆ: ಮೀಡಿಯಂ ಖಾಲಿ, ಎಕ್ಸ್‌ಎಲ್ ರಾಶಿ. ಅಳತೆ ಬರೆಸಿಕೊಂಡು ಮುಂಗಡ ಪಡೆದ ಮೇಲೆಯೇ ಆರ್ಡರ್ ಕೊಡುವುದು ಇದಕ್ಕಿರುವ ದಾರಿ.

ಮುಂಗಡ ಕೇಳುವುದರಲ್ಲಿ ಇನ್ನೊಂದು ಪಾಠವೂ ಅಡಗಿದೆ. ಮಾರ್ಕೆಟಿಂಗ್ ತರಗತಿಯ ಸರ್ವೆಗಳಲ್ಲಿ ಯಾವಾಗಲೂ ಇರುವ ಪ್ರಶ್ನೆ: ‘ನಾವು ಟೀ ಶರ್ಟ್ ತಂದರೆ ನೀವು ಕೊಳ್ಳುತ್ತೀರಾ?’ ಎದುರಿಗೆ ಗೆಳೆಯ ನಿಂತು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಮುಂದೆ ಮಾಡುವುದರ ಬಗ್ಗೆ ಕೇಳಬೇಡಿ, ಮಾಡಿದ್ದರ ಬಗ್ಗೆ ಕೇಳಿ ಎಂದು ಮಕ್ಕಳಿಗೆ ಹೇಳಿಕೊಡಿ. ‘ಕಳೆದ ವರ್ಷ ಶಾಲೆಯ ಹೆಸರಿರುವ ಬಟ್ಟೆ ಕೊಂಡಿದ್ದೀರಾ? ಎಷ್ಟು ಕೊಟ್ಟಿರಿ? ಎಷ್ಟು ಸಲ ತೊಟ್ಟಿರಿ?’ ‘ಬೆಲೆ ಮತ್ತು ಗುಣಮಟ್ಟ ಹಿಡಿಸಿತೇ?’ ಎಂಬುದು ಒಂದರೊಳಗೆ ಎರಡು ಪ್ರಶ್ನೆ, ಒಡೆಯಿರಿ. ಪ್ರಶ್ನಾವಳಿ ಹಂಚುವ ಮೊದಲು ಐದಾರು ಜನರ ಮೇಲೆ ಪ್ರಯೋಗಿಸಿ, ಎಲ್ಲಿ ತಡವರಿಸಿದರು ಎಂದು ಗುರುತು ಹಾಕಿಕೊಳ್ಳಿ. ಇನ್ನು 100 ಜನರನ್ನು ಕೇಳಿದೆವು ಎಂಬ ಹೆಮ್ಮೆ. ನೂರು ಜನರನ್ನು ಹಾಜರಿ ಪಟ್ಟಿಯಿಂದ ಚೀಟಿ ಎತ್ತಿ ಆರಿಸಿದ್ದರೂ ಉತ್ತರ ಸುಮಾರು 10 ಶೇಕಡಾಂಶ ಆಚೀಚೆ ಇರಬಹುದು. ತಮ್ಮ ತರಗತಿಯ ಗೆಳೆಯರನ್ನೇ ಕೇಳಿದ್ದರೆ ಆ ಅಂದಾಜಿಗೂ ಆಧಾರವಿಲ್ಲ.

ಅಮೆರಿಕದ ಮಾರ್ಕೆಟಿಂಗ್ ಪ್ರಾಧ್ಯಾಪಕ ಜೆರೋಮ್ ಮೆಕಾರ್ಥಿ 1960ರಲ್ಲಿ ಮುಂದಿಟ್ಟ ಸರಕು, ಬೆಲೆ, ಜಾಗ, ಪ್ರಚಾರ ಎಂಬ ನಾಲ್ಕರ ವಿಂಗಡಣೆಯನ್ನು ಎಲ್ಲ ಪಠ್ಯಗಳೂ ಹೇಳುತ್ತವೆ. ಅದನ್ನು ಬಾಯಿಪಾಠ ಮಾಡಿಸುವ ಬದಲು, ತಿಂಗಳಿಗೆ ಒಂದನ್ನೇ ಬದಲಿಸಿ ಉಳಿದ ಮೂರನ್ನು ಹಾಗೇ ಬಿಡಲು ಹೇಳಿ. ಒಂದೇ ಪೆನ್ನಿನ ಡಬ್ಬಿಯನ್ನು ಎರಡು ವಾರ ಕೆಳಗಿನ ಕಪಾಟಿನಲ್ಲಿ, ಎರಡು ವಾರ ಕಣ್ಣಿನ ಮಟ್ಟದಲ್ಲಿ ಇಟ್ಟು ಮಾರಾಟ ಬರೆದಿಡಲಿ. ಬೆಲೆಯನ್ನೂ ಜಾಗವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಹೇಳಲು ಬರುವುದಿಲ್ಲ.

ಇನ್ನು ಕೆಲಸ ಕಲಿಯಲೆಂದು ಹೊರಗಿನ ಅಂಗಡಿ, ಕಚೇರಿಗಳಿಗೆ ಮಕ್ಕಳನ್ನು ಕಳಿಸುವ ವಿಷಯ. ಇದು ಹಳೆಯ ಪದ್ಧತಿ. ಅಮೆರಿಕದಲ್ಲಿ 1917ರ ಸ್ಮಿತ್-ಹ್ಯೂಸ್ ಕಾಯ್ದೆ ಕೃಷಿ, ಕೈಗಾರಿಕಾ ಕಸುಬು, ಗೃಹವಿಜ್ಞಾನಗಳ ಶಿಕ್ಷಣಕ್ಕೆ ಸರ್ಕಾರದ ಹಣ ಕೊಟ್ಟಿತು, ಮಾರಾಟದ ಕೆಲಸ ಆ ಪಟ್ಟಿಯಲ್ಲಿ ಇರಲಿಲ್ಲ. 1936ರ ಜಾರ್ಜ್-ಡೀನ್ ಕಾಯ್ದೆ ಅದನ್ನು ಸೇರಿಸಿಕೊಂಡಿತು, ಆದರೆ ಆ ಕೆಲಸದಲ್ಲಿ ಇರುವವರಿಗೇ ಎಂಬ ಷರತ್ತಿನೊಂದಿಗೆ. ಅಂಗಡಿಯ ದುಡಿಮೆಯನ್ನೂ ತರಗತಿಯ ಪಾಠವನ್ನೂ ಜೋಡಿಸುವ ಕ್ರಮ ಅಲ್ಲಿ ಬೆಳೆದದ್ದು ಹೀಗೆ. 1946ರಲ್ಲಿ ಈ ವಿದ್ಯಾರ್ಥಿಗಳ ಸಂಘಟನೆಯಾಗಿ ಡೆಕಾ ಹುಟ್ಟಿಕೊಂಡಿತು. ಇವತ್ತು ಎಲ್ಲಿ ಮಾಡಿದರೂ ಎರಡು ಕಾಗದ ಇಲ್ಲದೆ ಮಗುವನ್ನು ಕಳಿಸಬಾರದು. ಮೊದಲನೆಯದು ಒಪ್ಪಂದ: ದಿನಗಳು, ಗಂಟೆಗಳು, ಮೇಲ್ವಿಚಾರಕರು ಯಾರು, ಪೆಟ್ಟಾದರೆ ಯಾರಿಗೆ ತಿಳಿಸಬೇಕು, ಜೊತೆಗೆ ಮಾಲೀಕರು, ಶಾಲೆ, ಪೋಷಕರು, ವಿದ್ಯಾರ್ಥಿಯ ಸಹಿ. ಅಪ್ರಾಪ್ತರ ದುಡಿಮೆಯ ಬಗ್ಗೆ ಆಯಾ ಜಾಗದ ಕಾನೂನನ್ನು ಓದಿಯೇ ಗಂಟೆ ನಿಗದಿಪಡಿಸಿ. ಎರಡನೆಯದು ಕಲಿಕೆಯ ಯೋಜನೆ: ಯಾವ ವಾರ ಯಾವ ಕೆಲಸ. ಈ ಎರಡನೆಯ ಕಾಗದ ಇಲ್ಲದ ಕಡೆ ಮಗು ಮೂರು ತಿಂಗಳೂ ಡಬ್ಬಿ ಜೋಡಿಸುತ್ತಲೇ ಇರುತ್ತದೆ. ಮಾಲೀಕರು ಕೆಟ್ಟವರೆಂದಲ್ಲ, ಮುಂದೇನು ಕೊಡಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಎರಡನೆಯ ವಾರದೊಳಗೆ ಒಮ್ಮೆ ಹೋಗಿ ನೋಡಿ ಬನ್ನಿ. ಆಮೇಲೆ ಹೋದರೆ ರೂಢಿ ಗಟ್ಟಿಯಾಗಿಬಿಟ್ಟಿರುತ್ತದೆ.

ಅದೇ ಮಾಲೀಕರಲ್ಲಿ ಕೆಲವರನ್ನು ಸಲಹಾ ಸಮಿತಿಗೆ ಕರೆಯುವ ವಾಡಿಕೆ ಇದೆ. ‘ನಮ್ಮ ಪಠ್ಯಕ್ರಮ ಹೇಗಿದೆ?’ ಎಂದು ಕೇಳಿದರೆ ಚೆನ್ನಾಗಿದೆ ಎಂದು ಹೇಳಿ ಎದ್ದುಹೋಗುತ್ತಾರೆ. ‘ಹೊಸಬರು ಮೊದಲ ತಿಂಗಳಲ್ಲಿ ಮಾಡುವ ತಪ್ಪುಗಳೇನು?’ ಎಂದು ಕೇಳಿ. ಬರೆದುಕೊಳ್ಳಲು ಪುಟ ಸಾಲದು.

ಮೌಲ್ಯಮಾಪನಕ್ಕೆ ಬರೆಯುವ ಪರೀಕ್ಷೆಯೊಂದೇ ಸಾಲದು. ಒಬ್ಬೊಬ್ಬರೇ ಭಾಗವಹಿಸುವ ಡೆಕಾ ಸ್ಪರ್ಧೆಗಳ ಪಾತ್ರಾಭಿನಯದ ಕ್ರಮ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ: ಕೈಗೆ ಒಂದು ಸನ್ನಿವೇಶ, ಓದಿ ಸಿದ್ಧವಾಗಲು 10 ನಿಮಿಷ, ತೀರ್ಪುಗಾರರೇ ಗಿರಾಕಿ ಅಥವಾ ಮೇಲಧಿಕಾರಿಯಾಗಿ ಕೂತು 10 ನಿಮಿಷದ ಮಾತು. ಅಂಕದ ಮಾನದಂಡವನ್ನು ಮೊದಲೇ ಕೊಡಿ. ‘ಆತ್ಮವಿಶ್ವಾಸ’ ಎಂದು ಬರೆದರೆ ಗಟ್ಟಿ ದನಿಯವರಿಗೆ ಅಂಕ ಹೋಗುತ್ತದೆ. ‘ಗಿರಾಕಿಯ ದೂರನ್ನು ತನ್ನ ಮಾತಿನಲ್ಲಿ ಮತ್ತೊಮ್ಮೆ ಹೇಳಿದರೇ’, ‘ಬದಲಿ ದಾರಿ ಎರಡಾದರೂ ಕೊಟ್ಟರೇ’, ‘ಅದರ ಖರ್ಚು ಹೇಳಿದರೇ’ ಎಂದು ಬರೆದರೆ ಮೆಲುಮಾತಿನ ಮಕ್ಕಳಿಗೂ ನ್ಯಾಯ ಸಿಗುತ್ತದೆ.

ವರ್ಷ ಮುಗಿಯುವಾಗ ಅಂಗಡಿಯನ್ನು ಮುಂದಿನ ತಂಡಕ್ಕೆ ಒಪ್ಪಿಸುವ ಕೆಲಸಕ್ಕೆ ಎರಡು ವಾರ ಬಿಡಿ. ಎರಡೂ ತಂಡದವರು ಒಟ್ಟಿಗೆ ನಿಂತು ಸರಕು ಎಣಿಸಿ ಸಹಿ ಹಾಕಬೇಕು. ಒಪ್ಪಿಸುವ ಪುಸ್ತಕದಲ್ಲಿ ಕೊನೆಯ ದಾಸ್ತಾನು, ಕೊಡಬೇಕಾದ ಬಾಕಿ, ಪ್ರತಿ ಸರಬರಾಜುದಾರರ ಹೆಸರಿನ ಮುಂದೆ ಹೇಳಿದ ದಿನ ಮತ್ತು ನಿಜವಾಗಿ ಸರಕು ಬಂದ ದಿನ, ಮಾರಾಟವಾಗದೆ ಉಳಿದ ಸರಕು ಮತ್ತು ಅದನ್ನು ತರಿಸಿದ ಕಾರಣ ಇಷ್ಟಿರಲಿ. ಕೊನೆಯ ಕಾಲಂ ತುಂಬಲು ಮಕ್ಕಳು ಹಿಂದೆಮುಂದೆ ನೋಡುತ್ತಾರೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಕಾರಣ ಬರೆದದ್ದಕ್ಕೆ ಅಂಕ ಇದೆ ಎಂದು ಮೊದಲೇ ಹೇಳಿಬಿಟ್ಟರೆ, ಉಳಿದುಹೋದ ಎಕ್ಸ್‌ಎಲ್ ಟೀ ಶರ್ಟುಗಳ ಲೆಕ್ಕವೂ ಅಲ್ಲಿ ಪ್ರಾಮಾಣಿಕವಾಗಿ ದಾಖಲಾಗುತ್ತದೆ.