ಲಿವರ್ ಬಿಗಿಯಾದ ಮಾತ್ರಕ್ಕೆ ಟ್ರಾನ್ಸ್‌ಫರ್ ಕೇಸ್ ಬಿಚ್ಚಬೇಕಾಗಿಲ್ಲ

ಉಡುಪಿಯಲ್ಲಿ ನಾನು ಕೆಲಸ ಮಾಡುವ ಗ್ಯಾರೇಜಿಗೆ ಬರುವ ಹಳೆಯ ಫೋರ್‌ವೀಲ್ ಡ್ರೈವ್ ವಾಹನಗಳಲ್ಲಿ ಹೆಚ್ಚಿನವು ಮಹೀಂದ್ರ ಜೀಪುಗಳು, ಉಳಿದವು ಮಾರುತಿ ಜಿಪ್ಸಿಗಳು. ಕೊಲ್ಲೂರಿನಿಂದ ಕೊಡಚಾದ್ರಿಗೆ ಬಾಡಿಗೆ ಹೋಗುವ ಜೀಪುಗಳಿರಲಿ, ಬೆಳ್ತಂಗಡಿ ಮತ್ತು ಸುಳ್ಯದ ಕಡೆಯ ತೋಟಗಳಲ್ಲಿ ಗೊಬ್ಬರ, ಅಡಿಕೆ ಹೊರುವ ಜೀಪುಗಳಿರಲಿ, ಮಳೆಗಾಲ ಶುರುವಾದ ಕೂಡಲೇ ಅವುಗಳ ಚಾಲಕರಿಂದ ಕೇಳಿಬರುವ ದೂರು ಬಹುಮಟ್ಟಿಗೆ ಒಂದೇ ಆಗಿರುತ್ತದೆ: "ಫೋರ್‌ವೀಲ್ ಹಾಕಿದ ಮೇಲೆ ಲಿವರ್ ವಾಪಸ್ ಬರುವುದೇ ಇಲ್ಲ ಮಾರಾಯ್ರೆ, ಒಮ್ಮೆ ಹೌಸಿಂಗ್ ಬಿಚ್ಚಿ ನೋಡಿ." ಹೌಸಿಂಗ್ ಬಿಚ್ಚುವುದು ನಮಗೆ ಕಷ್ಟದ ಕೆಲಸವೇನಲ್ಲ, ಆದರೆ ಬಿಗಿಯಾದ ಲಿವರಿನ ಕಾರಣ ಟ್ರಾನ್ಸ್‌ಫರ್ ಕೇಸಿನ, ಅಂದರೆ ಗೇರ್‌ಬಾಕ್ಸಿನಿಂದ ಬರುವ ಎಳೆತವನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆಯ, ಒಳಗಿರುವುದಕ್ಕಿಂತ ಹೊರಗಿರುವುದೇ ಹೆಚ್ಚು ಎಂಬುದು ಈ ಕೆಲಸದಲ್ಲಿ ನನಗೆ ಖಚಿತವಾಗಿರುವ ಸಂಗತಿ.

ಮಹೀಂದ್ರ ಕಂಪನಿಯು 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಆರಂಭಿಸಿತು. ಆ ವಂಶದ ಹಲವು ಮಾದರಿಗಳಲ್ಲಿ ಸ್ಪೈಸರ್ 18 ಎಂಬ ಟ್ರಾನ್ಸ್‌ಫರ್ ಕೇಸ್ ಇದೆ. ಅದಕ್ಕೆ ಎರಡು ಲಿವರ್‌ಗಳು: ಒಂದು ಮುಂದಿನ ಆಕ್ಸಲಿಗೆ ಎಳೆತವನ್ನು ಜೋಡಿಸುತ್ತದೆ, ಮತ್ತೊಂದು ಹೈ, ನ್ಯೂಟ್ರಲ್, ಲೋ ಎಂಬ ಮೂರು ಸ್ಥಾನಗಳಲ್ಲಿ ಚಲಿಸುತ್ತದೆ. 1985ರ ಕೊನೆಯಲ್ಲಿ ಬಂದ ಜಿಪ್ಸಿಯಲ್ಲಿ ಈ ಎರಡೂ ಕೆಲಸ ಒಂದೇ ಲಿವರಿನದ್ದು. ಲಿವರ್ ಎಷ್ಟೇ ಇರಲಿ, ಈ ವಾಹನಗಳಲ್ಲಿ ಟ್ರಾನ್ಸ್‌ಫರ್ ಕೇಸಿನಿಂದ ಆಕ್ಸಲ್‌ಗಳಿಗೆ ಹೋಗುವ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟುಗಳ ನಡುವೆ, ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಆದ್ದರಿಂದ ಫೋರ್‌ವೀಲ್ ಹಾಕಿದ ಕ್ಷಣದಿಂದ ಎರಡು ಶಾಫ್ಟುಗಳೂ ಒಂದೇ ವೇಗದಲ್ಲಿ ತಿರುಗಲೇಬೇಕು.

ಆದರೆ ತಿರುವಿನಲ್ಲಿ ನಾಲ್ಕು ಚಕ್ರಗಳು ಕ್ರಮಿಸುವ ದೂರ ಒಂದೇ ಆಗಿರುವುದಿಲ್ಲ. 80 ಇಂಚು, ಅಂದರೆ ಸುಮಾರು ಎರಡು ಮೀಟರ್ ವೀಲ್‌ಬೇಸ್ ಇರುವ ಜೀಪಿನ ಹಿಂದಿನ ಆಕ್ಸಲಿನ ಮಧ್ಯಭಾಗವು ಐದು ಮೀಟರ್ ತ್ರಿಜ್ಯದ ತಿರುವನ್ನು ದಾಟುವಾಗ ಮುಂದಿನ ಆಕ್ಸಲಿನ ಮಧ್ಯಭಾಗವು ಸುಮಾರು 5.4 ಮೀಟರ್ ತ್ರಿಜ್ಯದಲ್ಲಿ ಸಾಗುತ್ತದೆ. ಇಂತಹ ಒಂದು ಕಾಲು ಸುತ್ತಿನಲ್ಲೇ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಸುಮಾರು 60 ಸೆಂಟಿಮೀಟರ್ ಹೆಚ್ಚು ಉರುಳಬೇಕಾಗುತ್ತದೆ. ಆಕ್ಸಲಿನ ಅನುಪಾತ 5.38 ಇದ್ದರೆ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ 5.38 ಸುತ್ತು ತಿರುಗುವುದಾದರೆ, ಪ್ರೊಪೆಲ್ಲರ್ ಶಾಫ್ಟಿನ ಮಟ್ಟದಲ್ಲಿ ಅದು ಸುಮಾರು ಒಂದೂವರೆ ಸುತ್ತಿನ ವ್ಯತ್ಯಾಸ. ಕೆಸರಿನಲ್ಲಿ ಅಥವಾ ಜಲ್ಲಿಯ ಮೇಲೆ ಟೈರುಗಳು ಜಾರಿ ಈ ವ್ಯತ್ಯಾಸವನ್ನು ನೆಲಕ್ಕೇ ಬಿಟ್ಟುಬಿಡುತ್ತವೆ. ಡಾಂಬರು ಅಥವಾ ಕಾಂಕ್ರೀಟಿನ ಮೇಲೆ ಟೈರು ಸುಲಭವಾಗಿ ಜಾರುವುದಿಲ್ಲವಾದ್ದರಿಂದ ಶಾಫ್ಟುಗಳು, ಅವುಗಳ ತುದಿಯ ಕೀಲುಗಳಾದ ಕ್ರಾಸ್‌ಗಳು, ಆಕ್ಸಲ್‌ಗಳು ಎಲ್ಲವೂ ಹಿಂಡಿದ ಬಟ್ಟೆಯಂತೆ ಮುರಿಗೊಂಡು ನಿಲ್ಲುತ್ತವೆ. ಆ ಒತ್ತಡವೆಲ್ಲ ಬಂದು ಕೂರುವುದು ಲಿವರ್ ಸರಿಸಬೇಕಾದ ಗೇರಿನ ಹಲ್ಲುಗಳ ಮೇಲೆ. ಕೊಡಚಾದ್ರಿಯ ಕಲ್ಲುದಾರಿಯನ್ನು ಇಳಿದ ಮೇಲೂ ಫೋರ್‌ವೀಲ್ ತೆಗೆಯದೆ ಡಾಂಬರು ರಸ್ತೆಯ ತಿರುವುಗಳಲ್ಲಿ ಬಂದ ಜೀಪಿನ ಲಿವರ್ ಕೈಗೆ ಬಗ್ಗದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಂತಹ ಜೀಪು ಬಂದಾಗ ಮೊದಲು ಮಾಡುವ ಪರೀಕ್ಷೆ ಸರಳವಾದದ್ದು. ಉಳಿದ ಚಕ್ರಗಳಿಗೆ ಎರಡೂ ಬದಿಯಿಂದ ಕಟ್ಟೆ ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿನಿಂದ ನಿಧಾನವಾಗಿ ಎತ್ತುತ್ತೇವೆ. ಟೈರು ನೆಲ ಬಿಡುವ ಹೊತ್ತಿಗೆ, ಯಾರೂ ಮುಟ್ಟದಿದ್ದರೂ, ಅದು ತಟ್ಟನೆ ಒಂದಿಷ್ಟು ಹೊರಳಿ ನಿಲ್ಲುತ್ತದೆ, ಕೆಳಗಿನಿಂದ 'ಟಕ್' ಎಂಬ ಸದ್ದು ಕೇಳಿಸುತ್ತದೆ. ಆಗ ಟೈರಿನ ಹತ್ತಿರ ಕೈ ಇಟ್ಟಿರಬಾರದು. ಅಷ್ಟು ಹೊತ್ತು ಇಬ್ಬರು ಎಳೆದರೂ ಬಾರದಿದ್ದ ಲಿವರ್ ಆ ಬಳಿಕ ಎರಡು ಬೆರಳಿಗೆ ಬಂದರೆ, ಹೌಸಿಂಗಿನ ಒಳಗೆ ಹುಡುಕಬೇಕಾದದ್ದು ಏನೂ ಇಲ್ಲವೆಂದೇ ಅರ್ಥ.

ದಾರಿಯಲ್ಲಿ ಜಾಕ್ ಹಾಕುವ ಅಗತ್ಯವೂ ಇಲ್ಲ. ಹಿಂದಕ್ಕೆ ತೆಗೆದುಕೊಂಡರೆ ಲಿವರ್ ಸಡಿಲವಾಗುತ್ತದೆ ಎಂಬುದು ಎಲ್ಲ ಹಳೆಯ ಚಾಲಕರಿಗೂ ಗೊತ್ತು; ಆದರೆ ಹೆಚ್ಚಿನವರು ನೇರವಾಗಿ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಮುಂದೆ ಹೋಗುವಾಗ ತಿರುವಿನಲ್ಲಿ ಬಿಗಿದುಕೊಂಡದ್ದು ಹಿಂದೆ ಬರುವಾಗಲೂ ತಿರುವಿನಲ್ಲೇ ಬಿಚ್ಚಿಕೊಳ್ಳುತ್ತದೆ, ಏಕೆಂದರೆ ಆಗಲೂ ಹೆಚ್ಚು ದೂರ ಉರುಳುವುದು ಮುಂದಿನ ಚಕ್ರಗಳೇ, ದಿಕ್ಕು ಮಾತ್ರ ವಿರುದ್ಧ. ಆದ್ದರಿಂದ ಸ್ಟೇರಿಂಗನ್ನು ಎಡಕ್ಕೋ ಬಲಕ್ಕೋ ತಿರುಗಿಸಿ ಹಿಡಿದು, ಕೆಲವು ಅಡಿ ಹಿಂದಕ್ಕೆ ಬಂದು, ಕ್ಲಚ್ ಒತ್ತಿ ಲಿವರನ್ನು ಮೃದುವಾಗಿ ಎಳೆಯಬೇಕು. ಪಕ್ಕದ ಮಣ್ಣಿಗೆ ಒಂದು ಬದಿಯ ಚಕ್ರಗಳನ್ನು ಇಳಿಸಿದರೂ ಪರಿಣಾಮ ಅದೇ. ಲಿವರನ್ನು ಕಾಲಿನಿಂದ ಒದೆಯುವವರನ್ನು ಕಂಡಿದ್ದೇನೆ. ಒದೆತದಿಂದ ಒಳಗೆ ಗೇರನ್ನು ಸರಿಸುವ ಫೋರ್ಕ್ ಬಾಗುತ್ತದೆಯೇ ಹೊರತು ಹಲ್ಲುಗಳ ಮೇಲಿನ ಒತ್ತಡ ಕಡಿಮೆಯಾಗುವುದಿಲ್ಲ.

ಕೆಲವು ವಾಹನಗಳಲ್ಲಿ ನೇರ ರಸ್ತೆಯಲ್ಲಿ ಓಡಿದರೂ ಲಿವರ್ ಬಿಗಿಯಾಗುತ್ತದೆ, ಸಡಿಲಿಸಿದ ಕೂಡಲೇ ಮತ್ತೆ ಬಿಗಿಯುತ್ತದೆ. ಅಂತಹ ಕಡೆ ಟೈರುಗಳನ್ನು ನೋಡಬೇಕು. ಹಿಂದೆ ಹೊಸ ಜೋಡಿ, ಮುಂದೆ ಸವೆದ ಜೋಡಿ ಹಾಕುವುದು ತೋಟದ ಜೀಪುಗಳಲ್ಲಿ ಸಾಮಾನ್ಯ. ಸುತ್ತಳತೆಯ ಆ ಸಣ್ಣ ವ್ಯತ್ಯಾಸವು ಕಿಲೋಮೀಟರ್ ಕಿಲೋಮೀಟರಿಗೂ ಕೂಡುತ್ತಾ ಹೋಗುತ್ತದೆ. ಗಾಳಿಯ ಒತ್ತಡವನ್ನೂ ಜೊತೆಗೇ ನೋಡಬೇಕು. ಇದಕ್ಕಿಂತ ಕೆಟ್ಟದ್ದು, ಗುಜರಿಯಿಂದ ತಂದು ಹಾಕಿದ ಆಕ್ಸಲ್. ಜೀಪುಗಳಲ್ಲಿ 43 ಹಲ್ಲಿನ ಕ್ರೌನ್ (ದೊಡ್ಡ ಗೇರು) ಮತ್ತು 8 ಹಲ್ಲಿನ ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಗೇರು) ಇರುವ 5.38ರ ಆಕ್ಸಲ್‌ಗಳೂ ಇವೆ, 39 ಮತ್ತು 8 ಹಲ್ಲಿನ 4.88ರವೂ ಇವೆ, ಹೊರಗಿನಿಂದ ನೋಡಿದರೆ ಎರಡೂ ಒಂದೇ. ಮುಂದೊಂದು ಹಿಂದೊಂದು ಕೂಡಿಸಿದ ಜೀಪು ಟೂ ವೀಲಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಓಡಬಹುದು. ಫೋರ್‌ವೀಲ್ ಹಾಕಿದ ದಿನವೇ ಜಗಳ ಶುರು. ಹಬ್‌ಗಳು ಲಾಕ್ ಆಗಿರುವ, ಅಂದರೆ ಚಕ್ರಗಳು ಆಕ್ಸಲ್ ಶಾಫ್ಟಿಗೆ ಜೋಡಿಕೊಂಡಿರುವ, ಒಂದು ಆಕ್ಸಲಿನ ಎರಡೂ ಚಕ್ರಗಳನ್ನು ಎತ್ತಿ, ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಚಾಕ್‌ನಿಂದ ಗುರುತು ಹಾಕಿ, ಎರಡೂ ಚಕ್ರಗಳನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಿದರೆ ಶಾಫ್ಟ್ ಐದು ಸುತ್ತು ಮುಗಿಸಿ ಮೂರನೇ ಒಂದು ಭಾಗಕ್ಕಿಂತ ತುಸು ಮುಂದೆ ಹೋಗುತ್ತದೆಯೋ, ಅಥವಾ ಐದಕ್ಕೆ ಸ್ವಲ್ಪ ಮೊದಲೇ ನಿಲ್ಲುತ್ತದೆಯೋ ಎಂಬುದರಿಂದಲೇ ಯಾವ ಆಕ್ಸಲ್ ಎಂದು ತಿಳಿಯುತ್ತದೆ.

ಇನ್ನು ಲೋ ಗೇರಿನ ಮಾತು. ಹಳೆಯ ಜೀಪುಗಳಲ್ಲಿರುವ ಟಿ-90 ಗೇರ್‌ಬಾಕ್ಸಿನ ಮೊದಲ ಗೇರಿನ ಅನುಪಾತ 2.798. ಆಕ್ಸಲಿನ 5.38 ಸೇರಿದರೆ ಹೈಯಲ್ಲಿ ಇಂಜಿನ್ ಸುಮಾರು 15 ಸುತ್ತು ತಿರುಗುವಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಟ್ರಾನ್ಸ್‌ಫರ್ ಕೇಸಿನ ಲೋ ಅನುಪಾತವಾದ 2.46 ಸೇರಿದರೆ ಅದು 37 ಸುತ್ತಾಗುತ್ತದೆ. ಅಷ್ಟು ಎಳೆತವನ್ನು ಹಿಂದಿನ ಆಕ್ಸಲ್ ಒಂದೇ ಹೊರಬಾರದೆಂದು, ಮುಂದಿನ ಆಕ್ಸಲ್ ಜೋಡಿಸದ ಹೊರತು ಲೋ ಬೀಳದಂತೆ ಎರಡು ಶಿಫ್ಟ್ ರಾಡ್‌ಗಳ ನಡುವೆ ಒಂದು ಸಣ್ಣ ತಡೆಯನ್ನು ಇಟ್ಟಿದ್ದಾರೆ. ಮೊದಲು ಫೋರ್‌ವೀಲ್ ಹಾಕದೆ ಲೋ ಲಿವರನ್ನು ಎಳೆದು, ಅದು ಕೆಟ್ಟಿದೆಯೆಂದು ಬಂದವರೂ ಇದ್ದಾರೆ. ಆ ತಡೆಯನ್ನು ತೆಗೆಸಿಕೊಳ್ಳುವವರೂ ಇದ್ದಾರೆ; ನನ್ನನ್ನು ಕೇಳಿದರೆ ಭಾರ ಹೊರುವ ಜೀಪಿಗೆ ಅದು ಸಲ್ಲದ ಕೆಲಸ. ಲೋ ಗೇರಿಗೆ ಹಲ್ಲುಗಳ ವೇಗವನ್ನು ಹೊಂದಿಸುವ ಸಿಂಕ್ರೊಮೆಶ್ ಇಲ್ಲದ ಕಾರಣ ವಾಹನವನ್ನು ನಿಲ್ಲಿಸಿಯೇ ಹಾಕಬೇಕು. ನಿಂತಾಗ ಹಲ್ಲಿಗೆ ಹಲ್ಲು ಎದುರಾಗಿ ಬೀಳದಿದ್ದರೆ ವಾಹನವನ್ನು ಅಂಗುಲದಷ್ಟು ಮುಂದಕ್ಕೆ ತೆವಳಿಸಿ ಮತ್ತೆ ಪ್ರಯತ್ನಿಸಬೇಕು.

ಫೋರ್‌ವೀಲ್ ಹಾಕುವ ಹೊತ್ತೂ ಮುಖ್ಯ. ಜೇಡಿಯಲ್ಲಿ ಹಿಂದಿನ ಚಕ್ರ ಹೂತು ಸುತ್ತುತ್ತಿರುವಾಗ ಮುಂದಿನ ಶಾಫ್ಟ್ ನಿಶ್ಚಲವಾಗಿರುತ್ತದೆ; ಆಗ ಲಿವರ್ ನೂಕಿದರೆ ಹಲ್ಲಿನ ಅಂಚುಗಳು ಉರುಟಾಗುತ್ತವೆ, ಉರುಟಾದ ಹಲ್ಲು ಮುಂದೆ ಏರಿನಲ್ಲಿ ತಾನಾಗಿಯೇ ಜಾರಿ ಹೊರಬರುತ್ತದೆ. ಕೆಸರು ಕಾಣುವಾಗಲೇ, ಸ್ಟೇರಿಂಗ್ ನೇರ ಇರುವಾಗ ಹಾಕಿಕೊಳ್ಳಬೇಕು. ಹಾಕಿದರೂ ಮುಂದಿನ ಚಕ್ರ ಎಳೆಯದಿದ್ದರೆ, ಆ ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಜೋಡಿಸುವ, ಬಿಡಿಸುವ ಫ್ರೀ ವೀಲಿಂಗ್ ಹಬ್ ನೋಡಿ. ಒಂದು ಬದಿಯ ಹಬ್ ಲಾಕ್ ಆಗಿ ಇನ್ನೊಂದು ಬಿಟ್ಟಿದ್ದರೂ, ಡಿಫರೆನ್ಷಿಯಲ್ ಬಲವನ್ನೆಲ್ಲ ಬಿಟ್ಟ ಬದಿಗೇ ಕಳೆದುಬಿಡುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಲಿವರ್ ಗಡುಸಾಗಿಯೇ ಇದ್ದರೆ ಸರದಿ ಲಿಂಕೇಜಿನದ್ದು. ಮಲ್ಪೆ, ಪಣಂಬೂರಿನಂತಹ ಕಡಲ ಬದಿಯ ಉಪ್ಪುಗಾಳಿಗೆ ಲಿವರಿನ ಪಿನ್ ತುಕ್ಕು ಹಿಡಿದು ಬುಷ್‌ನೊಳಗೇ ಸಿಲುಕುತ್ತದೆ. ಬಿಚ್ಚಿ, ಉಜ್ಜಿ, ಗ್ರೀಸ್ ಹಾಕಿದರೆ ಮುಗಿಯಿತು. ಹೊಳೆ ದಾಟಿದ ವಾಹನವಾದರೆ ಡ್ರೈನ್ ಬೋಲ್ಟ್ ತೆಗೆದು ಗೇರ್ ಆಯಿಲಿನ ಬಣ್ಣ ನೋಡಬೇಕು. ಅದು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ತಿಳಿದು ಆಯಿಲ್ ಬದಲಿಸಿ, ಗಾಳಿಯಾಡುವ ರಂಧ್ರವಾದ ಬ್ರೀದರ್ ಮತ್ತು ಆಯಿಲ್ ಸೀಲ್‌ಗಳನ್ನು ಪರಿಶೀಲಿಸಬೇಕು. ಕೇಸನ್ನು ಕೆಳಗಿಳಿಸುವ ನಿರ್ಧಾರ ಬರುವುದು ಇದರ ನಂತರ, ಅದೂ ಆಯಿಲಿನಲ್ಲಿ ಲೋಹದ ಚೂರು ಕಂಡರೆ ಅಥವಾ ಸಮತಟ್ಟಿನಲ್ಲೂ ಗೇರ್ ಹಾರುತ್ತಿದ್ದರೆ.